ಗೇಮ್ ಕನ್ಸೋಲ್ ಕೆಟ್ಟಿದೆಯಾ? ಹೊಸದು ಕೊಳ್ಳುವ ಮುಂಚೆ ಇದನ್ನು ನೋಡಿ

ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಮುಟ್ಟಲೇಬೇಡಿ, ಕಂಪನಿಗೇ ಕಳಿಸಿ.

ವಾರಂಟಿ ಮುಗಿದಿದ್ದರೆ ಏನು ಕೆಟ್ಟಿದೆ ಅನ್ನೋದು ಮುಖ್ಯ. ಆನ್ ಆಗುತ್ತೆ, ಆದರೆ ಟಿವಿಯಲ್ಲಿ ಚಿತ್ರ ಬರಲ್ಲ ಅಂದರೆ ಮೊದಲು ಬೇರೆ ಕೇಬಲ್, ಬೇರೆ ಟಿವಿ ಹಾಕಿ ನೋಡಿ. ಆಗಲೂ ಬರದಿದ್ದರೆ ಎಚ್‌ಡಿಎಂಐ ಪೋರ್ಟ್‌ನ (ಟಿವಿ ಕೇಬಲ್ ಚುಚ್ಚುವ ಜಾಗ) ಪಿನ್ ಬಗ್ಗಿರಬಹುದು. ಕೈ ಪಳಗಿದವರು ಅದನ್ನು ಬದಲಿಸಿ ಕೊಡುತ್ತಾರೆ. ಫ್ಯಾನ್ ಜೋರಾಗಿ ಸದ್ದು ಮಾಡಿ ತಾನೇ ಆಫ್ ಆಗುತ್ತಿದ್ದರೆ ಧೂಳು ಇಲ್ಲವೇ ಒಣಗಿದ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿ ಹೊರಹೋಗಲು ಹಚ್ಚುವ ಪೇಸ್ಟ್) ಮೇಲೆ ನನ್ನ ಅನುಮಾನ. ಪ್ಲೇಸ್ಟೇಷನ್ 4ನ (ಪಿಎಸ್4) ಹಾರ್ಡ್ ಡಿಸ್ಕ್ ಹೋದರಂತೂ ಸುಲಭ. ಲ್ಯಾಪ್‌ಟಾಪ್‌ಗೆ ಹಾಕುವ 2.5 ಇಂಚಿನ ಸಾಟಾ ಡಿಸ್ಕ್ ತಂದು ನೀವೇ ಹಾಕಬಹುದು. (ಪವರ್ ಸಪ್ಲೈ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತೆ.)

ಎಕ್ಸ್‌ಬಾಕ್ಸ್ ಒನ್‌ನ ಡಿಸ್ಕ್ ಡ್ರೈವ್ ಬದಲಿಸಿದರೆ ಹಳೆಯ ಡ್ರೈವ್‌ನ ಸರ್ಕ್ಯೂಟ್ ಬೋರ್ಡನ್ನೇ ಹೊಸದಕ್ಕೆ ಹಾಕಿಸಿ. ಅದು ಮದರ್‌ಬೋರ್ಡ್ ಜೊತೆ ಜೋಡಿಯಾಗಿರುತ್ತೆ, ಬೇರೆಯದು ಹಾಕಿದರೆ ಡಿಸ್ಕ್ ಓದಲ್ಲ.

ಮುಖ್ಯ ಚಿಪ್ಪೇ ಹೋಗಿದ್ದರೆ ಕೈಬಿಡಿ. ಬಿಸಿ ಮಾಡಿ ಸರಿಮಾಡಿಕೊಡ್ತೀವಿ ಅನ್ನುವವರನ್ನು ನಂಬಬೇಡಿ. ನಾಲ್ಕು ದಿನ ಓಡಿ ಮತ್ತೆ ನಿಲ್ಲುತ್ತೆ, ಅಷ್ಟೇ.

ರಿಪೇರಿ ಖರ್ಚನ್ನು ಹೊಸ ಕನ್ಸೋಲ್ ಬೆಲೆ ಜೊತೆ ಹೋಲಿಸಬೇಡಿ. ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತೆ ನೋಡಿ. ಅದರ ಅರ್ಧಕ್ಕಿಂತ ಜಾಸ್ತಿ ಆದರೆ ನಾನಂತೂ ರಿಪೇರಿ ಮಾಡಿಸಲ್ಲ. ಸೇವ್ ಫೈಲ್ (ಆಟದಲ್ಲಿ ಎಲ್ಲಿವರೆಗೆ ಬಂದಿದ್ದೀರಿ ಅನ್ನೋ ದಾಖಲೆ) ಬೇಕೇ ಬೇಕು ಅಂದರೆ ಮಾತು ಬೇರೆ. ನಿಂಟೆಂಡೋ ಸ್ವಿಚ್‌ನಲ್ಲಿ ಅವು ಮೆಮೊರಿ ಕಾರ್ಡಲ್ಲಿ ಇರಲ್ಲ, ಯಂತ್ರದ ಒಳಗೇ ಇರುತ್ತವೆ.