ಮುಟ್ಟಿನ ಲೆಕ್ಕ ಕ್ಯಾಲೆಂಡರಿನಲ್ಲಿರಲಿ
ಮುಟ್ಟಿನ ಸ್ರಾವ ಹೆಚ್ಚಾಗಿದೆ ಎನಿಸಿದರೆ, ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಬದಲಾಯಿಸಿದ ಪ್ಯಾಡುಗಳ ಸಂಖ್ಯೆಯನ್ನೂ, ಹೆಪ್ಪುಗಟ್ಟಿದ ರಕ್ತ ಕಂಡಿದ್ದರೆ ಒಂದು ಚುಕ್ಕೆಯನ್ನೂ ಗುರುತಿಸಿಟ್ಟು, ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗಾಗಲಿ ನಿಮ್ಮೂರಿನ ವೈದ್ಯರಲ್ಲಿಗಾಗಲಿ ಹೋಗುವಾಗ ಆ ಹಾಳೆಯ ಫೋಟೊ ಒಯ್ಯಿರಿ (ಮನೆಯವರ ಕಣ್ಣಿಗೆ ಬೀಳಬಾರದೆಂದಿದ್ದರೆ ಹಾಳೆಯನ್ನು ಕಪಾಟಿನ ಒಳಬಾಗಿಲಿಗೆ ಅಂಟಿಸಿಕೊಂಡರೂ ಆದೀತು). ‘ತುಂಬಾ ಹೋಗುತ್ತದೆ’ ಎಂಬ ಮಾತಿನ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಆದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಇರಬೇಕಾದ 24ರಿಂದ 38 ದಿನಗಳ ಅಂತರ ತಪ್ಪಿದೆಯೇ, ಸ್ರಾವ 8 ದಿನ ಮೀರಿದೆಯೇ ಎಂಬುದನ್ನು ಹಾಳೆ ಒಂದೇ ನೋಟಕ್ಕೆ ತಿಳಿಸುತ್ತದೆ. ಬಟ್ಟೆ ಬಳಸುವವರಿಗೆ ಈ ಪ್ಯಾಡುಗಳ ಎಣಿಕೆ ಅಷ್ಟಾಗಿ ಹೊಂದದು. ಗಂಟೆಗೊಂದು ಪ್ಯಾಡ್ ಪೂರ್ತಿ ತೋಯ್ದು ಅದು 2 ಗಂಟೆ ಮುಂದುವರಿದರೆ, ತಲೆಸುತ್ತು ಬಂದರೆ ಅಥವಾ ಗರ್ಭಿಣಿಯಾಗಿರುವ ಸಂಭವವಿದ್ದರೆ ಲೆಕ್ಕ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತಕ್ಕೆ, ಅದು ಬರೀ ಕಲೆಯಷ್ಟೇ ಆಗಿದ್ದರೂ, ತಪಾಸಣೆ ಬೇಕೇ ಬೇಕು.