ನಂಬರ್ ಒನ್ ಆದ ಹಾಡಿಗೆ ಅದರ ಹಿರಿಯರನ್ನೂ ಕರೆದ ಪಾರ್ಟಿ

ಮ್ಯಾಶಪ್ ಅಂದರೆ ಒಂದು ಹಾಡಿನ ದನಿ ತಗೊಂಡು ಇನ್ನೊಂದು ಹಾಡಿನ ಬೀಟಿನ ಮೇಲೆ ಕೂರಿಸುವುದು. ಈಗ ಇದನ್ನು ಫೋನಿನಲ್ಲೇ ಮಾಡುತ್ತಾರೆ. 2002ರಲ್ಲಿ ನಾನು ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಹಗಲು ಆಫೀಸು, ರಾತ್ರಿ ಬೇರೆಯವರ ಹಾಡುಗಳನ್ನು ಕತ್ತರಿಸಿ ಅಂಟಿಸುವ ಚಟ. ಅಲ್ಲಿ ಇದಕ್ಕೆ ಬೂಟ್‌ಲೆಗ್ ಅನ್ನುತ್ತಿದ್ದರು. ಅನುಮತಿ ಗಿನುಮತಿ ಯಾರ ಹತ್ತಿರವೂ ಇರಲಿಲ್ಲ. ವೈಟ್ ಲೇಬಲ್ ಅಂತ ಹೆಸರು ದೆಸೆ ಇಲ್ಲದ ರೆಕಾರ್ಡ್‌ಗಳಲ್ಲಿ, ಕಾಪಿ ಹೊಡೆದ ಸಿಡಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು.

ಅಂಥ ಒಂದು ಕಳ್ಳಮಾಲು ಏಪ್ರಿಲ್ 28ರ ಭಾನುವಾರ ಬ್ರಿಟನ್ನಿನ ವಾರದ ಹಾಡುಗಳ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ಶುಗಬೇಬ್ಸ್ ಅನ್ನುವ ಮೂವರು ಹುಡುಗಿಯರ ತಂಡ ಹಾಡಿದ 'ಫ್ರೀಕ್ ಲೈಕ್ ಮಿ'. ನಮ್ಮ ಬಾಡಿಗೆ ಮನೆಯಲ್ಲಿ ಆ ಸಂಜೆ ಪಾರ್ಟಿ. ಹಾಡು ಹಾಕುವ ಜವಾಬ್ದಾರಿ ನನ್ನದು. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ, ಯಾಕಂದರೆ ಮ್ಯಾಶಪ್ ಹಿಟ್ ಆದಾಗ ಬರೀ ಅದೊಂದನ್ನೇ ಹತ್ತು ಸಲ ಹಾಕಿ ಕುಣಿಯುವುದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಅದರ ಅಪ್ಪ ಅಮ್ಮನನ್ನೂ ಪಾರ್ಟಿಗೆ ಕರೆಯಬೇಕು.

ಈ ಹಾಡಿನ ಮನೆತನವೇ ದೊಡ್ಡದು. ಮೊದಲು ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು. 1979ರಲ್ಲಿ ಬ್ರಿಟನ್ನಿನ ಗಾಯಕ ಗ್ಯಾರಿ ನ್ಯೂಮನ್ ಟ್ಯೂಬ್‌ವೇ ಆರ್ಮಿ ಅನ್ನುವ ಹೆಸರಿನಲ್ಲಿ 'ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್?' ಮಾಡಿದ್ದರು. ಅದೂ ನಂಬರ್ ಒನ್, ನಾಲ್ಕು ವಾರ. ಐದು ನಿಮಿಷ ದಾಟುವ ಹಾಡು, ಜನ ಜೊತೆಗೂಡಿ ಹಾಡುವಂಥ ಪಲ್ಲವಿ ಇಲ್ಲ, ನಡುವೆ ಸುಮ್ನೆ ಮಾತಾಡುತ್ತಾರೆ. ಮಜಾ ಏನಂದರೆ, ಮುಗಿಸಲಾಗದೆ ಬಿದ್ದಿದ್ದ ಎರಡು ಬೇರೆ ಬೇರೆ ಹಾಡುಗಳನ್ನು ಒಂದರ ಹಿಂದೆ ಒಂದು ನುಡಿಸಿ ನೋಡಿದಾಗ ಅದು ಹುಟ್ಟಿತು ಅಂತ ನ್ಯೂಮನ್ ಅವರೇ ಹೇಳಿಕೊಂಡಿದ್ದಾರೆ. ಆ ಪ್ರಸಿದ್ಧ ಟ್ಯೂನಿನಲ್ಲಿ ಒಂದು ಸ್ವರ ಕೈತಪ್ಪಿ ಬಿದ್ದದ್ದಂತೆ, ಕೇಳೋಕೆ ಚೆನ್ನಾಗಿದೆ ಅಂತ ಹಾಗೇ ಬಿಟ್ಟರಂತೆ.

ಇನ್ನು ದನಿ. ಅಡೀನಾ ಹೊವಾರ್ಡ್ ಅನ್ನುವ ಅಮೆರಿಕದ ಗಾಯಕಿ 1995ರಲ್ಲಿ 'ಫ್ರೀಕ್ ಲೈಕ್ ಮಿ' ಹಾಡಿದರು. ಅಲ್ಲಿ ಎರಡನೇ ಸ್ಥಾನಕ್ಕೆ ಬಂತು. ಆ ಹಾಡಿನ ಅಡಿಪಾಯ ಇನ್ನೂ ಹಳೆಯದು, ಬೂಟ್ಸಿ ಕಾಲಿನ್ಸ್ 1976ರಲ್ಲಿ ಮಾಡಿದ 'ಐಡ್ ರಾದರ್ ಬಿ ವಿತ್ ಯು'. ಅಂದರೆ ಸಾಲದ ಮೇಲೆ ಸಾಲ.

ಈ ಎರಡು ಕೊಂಬೆಗಳನ್ನು ಕಸಿ ಕಟ್ಟಿದ್ದು ರಿಚರ್ಡ್ ಎಕ್ಸ್ ಅನ್ನುವ ಬ್ರಿಟನ್ನಿನ ಮ್ಯಾಶಪ್‌ಗಾರ. ಗರ್ಲ್ಸ್ ಆನ್ ಟಾಪ್ ಅನ್ನುವ ಮರೆಹೆಸರಿನಲ್ಲಿ ಬಿಟ್ಟ ಆ ಬೂಟ್‌ಲೆಗ್ ಕ್ಲಬ್ಬುಗಳಲ್ಲಿ ಹುಚ್ಚೆಬ್ಬಿಸಿತು. ರೆಕಾರ್ಡ್ ಕಂಪನಿಗಳಿಗೂ ಆಸೆ ಹುಟ್ಟಿತು. ಆದರೆ ಅಡೀನಾ ದನಿ ಬಳಸಲು ಒಪ್ಪಿಗೆ ಸಿಗಲಿಲ್ಲ. ಆಗ ಬಂದದ್ದು ಶುಗಬೇಬ್ಸ್. ಹಳೆ ಕಂಪನಿ ಕೈಬಿಟ್ಟಿತ್ತು, ಮೂವರಲ್ಲಿ ಒಬ್ಬರು ಹೊರಟುಹೋಗಿದ್ದರು, ಹೈಡಿ ರೇಂಜ್ ಹೊಸದಾಗಿ ಸೇರಿದ್ದರು. ಅದೇ ಹಾಡನ್ನು ಇವರು ಹೊಸದಾಗಿ ಹಾಡಿದರು, ಕೆಳಗೆ ನ್ಯೂಮನ್ ಸಿಂಥ್ ಹಾಗೇ ಉಳಿಯಿತು. ನ್ಯೂಮನ್ ಅವರ ಹೆಸರೂ ಹಾಡು ಬರೆದವರ ಪಟ್ಟಿಗೆ ಸೇರಿತು. ಮ್ಯಾಶಪ್ ಮಾಡುವವರಿಗೆ ಇದು ತಿಳಿದಿರಬೇಕು: ರೆಕಾರ್ಡಿಂಗ್ ಬಳಸಲು ಒಂದು ಒಪ್ಪಿಗೆ, ಹಾಡಿನ ಸಾಹಿತ್ಯ ಸಂಗೀತಕ್ಕೆ ಇನ್ನೊಂದು. ಮೊದಲನೆಯದು ಸಿಗದಿದ್ದರೆ ಹೊಸದಾಗಿ ಹಾಡಿಸಬಹುದು. ಎರಡನೆಯದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಪಾರ್ಟಿಯ ಭಾನುವಾರಕ್ಕೆ ಹಿಂದಿನ ಸೋಮವಾರ ಸಿಡಿ ಅಂಗಡಿಗೆ ಬಂತು. ಆಗ ಚಾರ್ಟ್ ಅಂದರೆ ಬರೀ ಅಂಗಡಿ ಮಾರಾಟ. ಡೌನ್‌ಲೋಡ್ ಆಗಲಿ ಸ್ಟ್ರೀಮಿಂಗ್ ಆಗಲಿ ಲೆಕ್ಕಕ್ಕೆ ಬಂದಿರಲಿಲ್ಲ. ಭಾನುವಾರದಿಂದ ಶನಿವಾರದವರೆಗೆ ಎಷ್ಟು ಮಾರಾಟ ಆಯಿತೋ ಅದರ ಮೇಲೆ ಭಾನುವಾರ ಸಂಜೆ ಬಿಬಿಸಿ ರೇಡಿಯೋ 1ರಲ್ಲಿ ನಾಲ್ಕರಿಂದ ಏಳರವರೆಗೆ ಪಟ್ಟಿ ಓದುತ್ತಿದ್ದರು. ಆ ಕಾಲಕ್ಕೆ ಓದುತ್ತಿದ್ದವರು ಮಾರ್ಕ್ ಗುಡಿಯರ್. ಹಾಗಾಗಿ ಹಾಡು ಇಷ್ಟವಿದ್ದವನು ಜೇಬಿನಿಂದ ದುಡ್ಡು ತೆಗೆದರೆ ಮಾತ್ರ ಲೆಕ್ಕ. ನಾವೆಲ್ಲ ತೆಗೆದೆವು. ವರ್ಷಗಟ್ಟಲೆ ಬಿಟ್ಟಿ ಹಾಡು ಹಂಚಿಕೊಂಡವರು ಸಾಲಾಗಿ ನಿಂತು ಬಿಲ್ ಹಾಕಿಸಿಕೊಂಡಿದ್ದು ನೋಡಿ ನನಗೇ ನಗು ಬಂತು.

ಪಾರ್ಟಿಗೆ ಬರುವವರಲ್ಲಿ ಮೂರು ಪಂಗಡ. ನಮ್ಮಂಥ ಬೂಟ್‌ಲೆಗ್ ಹುಚ್ಚರು. ಶುಗಬೇಬ್ಸ್ ಅಭಿಮಾನಿ ಹುಡುಗಿಯರು, ಅವರಿಗೆ ಸಿಂಥ್ ಯಾರದಾದರೇನು. ಮತ್ತೆ ಪಕ್ಕದ ಮನೆಯ ಆಂಗ್ಲ ಗಂಡಹೆಂಡತಿ, 1979ರಿಂದ ನ್ಯೂಮನ್ ಭಕ್ತರು. ಇಂಥ ಭಕ್ತರಿಗೆ ನ್ಯೂಮನಾಯ್ಡ್ಸ್ ಅಂತ ಹೆಸರೇ ಇದೆ. ಮೂರೂ ಪಂಗಡದವರು ಒಂದೇ ಹಾಡಿಗೆ ಖುಷಿಪಡುತ್ತಿದ್ದಾರೆ, ಆದರೆ ಒಬ್ಬರ ಹಾಡು ಇನ್ನೊಬ್ಬರಿಗೆ ಗೊತ್ತಿಲ್ಲ. ನನ್ನ ಯೋಜನೆ ಸರಳ: ಬೂಟ್ಸಿ, ಅಡೀನಾ, ನ್ಯೂಮನ್, ಕೊನೆಗೆ ಶುಗಬೇಬ್ಸ್. ನಡುವೆ ನಿಲ್ಲಿಸಬಾರದು. ಕುಣಿಯುವವರ ಕಾಲು ನಿಂತರೆ ಪಾಠ ಮಾಡಿದ ಹಾಗಾಗುತ್ತದೆ.

ಬೂಟ್ಸಿಯಿಂದ ಅಡೀನಾಗೆ ದಾಟುವುದು ಸಲೀಸು, ಒಂದೇ ರಕ್ತ. ಕಷ್ಟ ಇದ್ದದ್ದು ನ್ಯೂಮನ್‌ನಿಂದ ಶುಗಬೇಬ್ಸ್‌ಗೆ ದಾಟುವಲ್ಲಿ. 1979ರ ಸಿಂಥ್‌ಗೆ ಕುಣಿಯುತ್ತಿರುವಾಗಲೇ, ಗೊತ್ತಾಗದ ಹಾಗೆ, 2002ರ ದನಿ ಕೇಳಬೇಕು.

ಊರಿನಲ್ಲಿ ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ಬಾರಿಸುವವರು ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರುವುದನ್ನು ಸ್ಟೇಜ್ ಪಕ್ಕ ನಿಂತು ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಎರಡೇ: ಶ್ರುತಿ ಸೇರುತ್ತಾ, ತಾಳ ಸೇರುತ್ತಾ. ಇಲ್ಲೂ ಅಷ್ಟೇ. ಆದರೆ ಜೀವಂತ ವಾದ್ಯಗಾರ ಕಣ್ಣುಸನ್ನೆ ಮಾಡಿ ಸರಿ ಮಾಡಿಕೊಳ್ಳುತ್ತಾನೆ, ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಟರ್ನ್‌ಟೇಬಲ್ಲಿನಲ್ಲಿ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಹತ್ತಿರ ಹತ್ತಿರ ಶೇಕಡ 6 ವೇಗ ಬದಲಾದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ, ಅಂದರೆ ಅರ್ಧ ಸ್ವರಕ್ಕೆ, ಹೋದ ಹಾಗೆ. ಡಿಜೆಗಳು ಬಳಸುವ ಟೆಕ್ನಿಕ್ಸ್ 1200ರಲ್ಲಿ ಶೇಕಡ 8ರವರೆಗೆ ಏರಿಸಬಹುದು, ಇಳಿಸಬಹುದು. ತಾಳ ಸೇರಿಸಲು ಹೋದರೆ ಶ್ರುತಿ ಬಿಡುತ್ತದೆ. ಬೆಪ್ಪಾಗಿ ಕೂರಬೇಕು.

ಅದಕ್ಕೇ ಕಂಪ್ಯೂಟರ್. ಬರ್ವಿಕ್ ಸ್ಟ್ರೀಟಿನ ಹಳೆ ರೆಕಾರ್ಡ್ ಅಂಗಡಿಯಿಂದ ತಂದ ನ್ಯೂಮನ್ ರೆಕಾರ್ಡನ್ನು ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೊಟ್ಟು ಒಳಗೆ ತುಂಬಿಸಿದೆ. ಆಸಿಡ್ ಅನ್ನುವ ಸಾಫ್ಟ್‌ವೇರ್ ಇತ್ತು, ನಮ್ಮ ಪಂಗಡದಲ್ಲಿ ತುಂಬ ಜನ ಅದನ್ನೇ ಬಳಸುತ್ತಿದ್ದರು. ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ಎಳೆಯುತ್ತಿತ್ತು. ಜಾಸ್ತಿ ಎಳೆದರೆ ಮಾತ್ರ ದನಿ ನೀರಿನೊಳಗಿಂದ ಬಂದಂತೆ ಆಗುತ್ತಿತ್ತು. ಶ್ರುತಿ ನೋಡಲು ಪಕ್ಕದಲ್ಲಿ ಒಂದು ಪುಟ್ಟ ಕ್ಯಾಸಿಯೋ ಕೀಬೋರ್ಡ್.

ಇಲ್ಲೊಂದು ಸಣ್ಣ ತರಲೆ ಇದೆ, ಹಳೆ ಹಾಡು ಮುಟ್ಟುವವರಿಗೆಲ್ಲ ಬರುವಂಥದ್ದು. ಈಗಿನ ಡ್ಯಾನ್ಸ್ ಹಾಡುಗಳಲ್ಲಿ ಡ್ರಮ್ ಯಂತ್ರದ್ದು, ಮೊದಲಿಂದ ಕೊನೆತನಕ ಒಂದೇ ಲೆಕ್ಕ. ನ್ಯೂಮನ್ ಹಾಡು ಕೇಳಲು ರೋಬೋ ತರಹ ಇದ್ದರೂ ಡ್ರಮ್ ಬಾರಿಸಿದ್ದು ಮನುಷ್ಯ. ಮನುಷ್ಯ ಉಸಿರಾಡುತ್ತಾನೆ. ಶುರುವಿನ ಬೀಟನ್ನು ಕಂಪ್ಯೂಟರಿನ ಗೆರೆಗೆ ಸರಿಯಾಗಿ ಕೂರಿಸಿದರೆ, ಸ್ವಲ್ಪ ಹೊತ್ತಿಗೆ ಡ್ರಮ್ ಗೆರೆ ಬಿಟ್ಟು ಆಚೆ ಸರಿದಿರುತ್ತದೆ. ಕಣ್ಣಿಗೆ ಕೂದಲೆಳೆಯಷ್ಟು, ಕಿವಿಗೆ ಮಾತ್ರ ಎರಡು ಕುದುರೆ ಅಕ್ಕಪಕ್ಕ ಓಡಿದಂತೆ ಟಕಟಕ. ಹಾಗಾಗಿ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಕತ್ತರಿ ಹಾಕಿ ಅದನ್ನು ಗೆರೆಗೆ ತಂದು ಕೂರಿಸಬೇಕು. ಕತ್ತರಿಸುವ ಜಾಗವೂ ಮುಖ್ಯ. ಪರದೆಯ ಮೇಲೆ ದನಿಯ ಅಲೆ ಮೇಲೆ ಕೆಳಗೆ ಹೋಗುತ್ತಾ ನಡುವಿನ ಗೆರೆ ದಾಟುವ ಒಂದು ಚುಕ್ಕಿ ಇರುತ್ತದಲ್ಲ, ಅಲ್ಲೇ ಕತ್ತರಿಸಬೇಕು. ಆಚೀಚೆ ಆದರೆ ಜೋಡಿಸಿದ ಕಡೆ 'ಟಿಕ್' ಅನ್ನುತ್ತದೆ, ದೊಡ್ಡ ಸ್ಪೀಕರಿನಲ್ಲಿ ಅದು ಕಲ್ಲು ಹೊಡೆದ ಹಾಗೆ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿಯೆಲ್ಲ ಇದೇ ಕೆಲಸ. ಜೊತೆಗಿದ್ದ ಹಾಸನದ ಗೆಳೆಯ ಬಾಗಿಲು ತೆಗೆದು, "ಲೋ, ಅದೇ ಮೂರು ಸೆಕೆಂಡು ಎಷ್ಟು ಸಲ ಕೇಳ್ತೀಯೋ, ತಲೆ ಕೆಟ್ಟಿದೆಯೇನೋ ನಿಂಗೆ?" ಅಂದ. ನಾನು ಇನ್ನೊಂದು ಸಲ ಹಾಕಿದೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಸಿಂಥ್ ಮುಗಿದ ಮೇಲೆ ಶುಗಬೇಬ್ಸ್ ಶುರು ಮಾಡುವುದು ಬೇಡ, ಹಳೆಯದರ ಡ್ರಮ್ ಸದ್ದನ್ನು ಮೆಲ್ಲಗೆ ತೆಳುವಾಗಿಸಿ, ಅದೇ ಟ್ಯೂನ್ ಇನ್ನೂ ಕೇಳುತ್ತಿರುವಾಗಲೇ ಹೊಸ ರೆಕಾರ್ಡಿನ ಬಾಸ್, ಅಂದರೆ ತಗ್ಗು ಶ್ರುತಿಯ ಸದ್ದು, ಕೆಳಗಿನಿಂದ ಏರಲಿ ಅಂತ. ಎರಡು ಬಾಸ್ ಒಟ್ಟಿಗೆ ಇದ್ದರೆ ಕೆಸರಾಗುತ್ತದೆ. ಒಂದನ್ನು ಪೂರ್ತಿ ಇಳಿಸಿದ ಮೇಲೇ ಇನ್ನೊಂದನ್ನು ಏರಿಸಬೇಕು. ಇದು ಈಗಲೂ ಬದಲಾಗಿಲ್ಲ.

ಬದಲಾದದ್ದು ಬೇರೆ. ಆಗ ಬರೀ ದನಿ ಬೇಕಂದರೆ 12 ಇಂಚಿನ ಅಮೆರಿಕನ್ ಸಿಂಗಲ್ ಹುಡುಕಬೇಕಿತ್ತು. ಕೆಲವದರಲ್ಲಿ ವಾದ್ಯ ಇಲ್ಲದ ಅ ಕಪೆಲಾ ಟ್ರ್ಯಾಕ್ ಇರುತ್ತಿತ್ತು. ಅದಿಲ್ಲದ ಹಾಡು ಎಷ್ಟೇ ಇಷ್ಟವಾದರೂ ಕೈಬಿಡಬೇಕು. 2019ರಲ್ಲಿ ಡೀಝರ್ ಕಂಪನಿ ಸ್ಪ್ಲೀಟರ್ ಅನ್ನುವ ಸಾಫ್ಟ್‌ವೇರ್ ಬಿಟ್ಟಿತು. ಯಾವ ಹಾಡು ಕೊಟ್ಟರೂ ದನಿ, ಡ್ರಮ್, ಬಾಸ್ ಬೇರೆ ಬೇರೆ ಮಾಡಿ ಕೊಡುತ್ತದೆ. ಇವತ್ತು ಕೇಳುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಬೇರ್ಪಡಿಸುವುದು ಸುಲಭವಾಗಿದೆ, ಹಾಗಂತ ಆಯ್ಕೆ ಸುಲಭವಾಗಿಲ್ಲ. ಪಲ್ಲವಿ ಕಡಿಮೆ ಇರುವ ವಾದ್ಯ, ಜಂಬ ಜಾಸ್ತಿ ಇರುವ ದನಿ, ಇವೆರಡೂ ಜೋಡಿ. ಅಡೀನಾ ಹಾಡಿದ ರೀತಿಯಲ್ಲಿ ಒಂದು ಸೊಕ್ಕಿದೆ, ನ್ಯೂಮನ್ ಸಿಂಥ್‌ನಲ್ಲಿ ಒಂದು ಚಳಿ ಇದೆ. ಎರಡೂ ಬಿಸಿ ಇದ್ದಿದ್ದರೆ ಹಾಡು ಹತ್ತಿ ಉರಿದು ಹೋಗುತ್ತಿತ್ತು ಅಂತ ನನ್ನ ಲೆಕ್ಕ. 2021ರಲ್ಲಿ ಆಸ್ಟ್ರೇಲಿಯಾದ ಪ್ನೌ ತಂಡ ಎಲ್ಟನ್ ಜಾನ್ ಅವರ ನಾಲ್ಕು ಹಳೆ ಹಾಡುಗಳನ್ನು ಸೇರಿಸಿ, ಡುವಾ ಲೀಪಾ ದನಿಯನ್ನೂ ಕೂಡಿಸಿ ಮಾಡಿದ 'ಕೋಲ್ಡ್ ಹಾರ್ಟ್' ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತಲ್ಲ, ಅದು ಒಬ್ಬರದೇ ತಿಜೋರಿಯಿಂದ ತೆಗೆದದ್ದು, ಕೆಲಸ ಅಚ್ಚುಕಟ್ಟು. ಆದರೆ ನನಗೆ ಪರಿಚಯವೇ ಇಲ್ಲದ ಇಬ್ಬರನ್ನು ಒಂದೇ ಕೋಣೆಗೆ ನೂಕಿದ್ದರಲ್ಲಿ ಮಜಾ ಜಾಸ್ತಿ.

ಭಾನುವಾರಕ್ಕೆ ಬರೋಣ. ನಾಲ್ಕು ಗಂಟೆಗೇ ರೇಡಿಯೋ ಹಚ್ಚಿ ಇಟ್ಟೆವು. ಅಡುಗೆಮನೆಯಲ್ಲಿ ಹಾಸನದವನ ಚಿತ್ರಾನ್ನ, ಮೇಜಿನ ಮೇಲೆ ಬಿಯರು. ಹಿಂದಿನ ವಾರ ಒಯಾಸಿಸ್ ತಂಡದ 'ದಿ ಹಿಂದೂ ಟೈಮ್ಸ್' ಮೊದಲ ಸ್ಥಾನದಲ್ಲಿತ್ತು. ಹೆಸರು ನೋಡಿ ಆಫೀಸಿನಲ್ಲಿ ಒಬ್ಬರು ಅದು ನಿಮ್ಮೂರಿನ ಪೇಪರಾ ಅಂತ ನನ್ನನ್ನು ಕೇಳಿದ್ದರು. ಏಳು ಗಂಟೆ ಹತ್ತಿರ ಬಂದ ಹಾಗೆ ಮಾತು ಕಡಿಮೆಯಾಯಿತು. ಮೇಲಿನ ಒಂದೊಂದೇ ಸ್ಥಾನ ಬೇರೆ ಹಾಡಿಗೆ ಹೋದಂತೆ ಹುಡುಗಿಯರು ಕೈ ಕೈ ಹಿಡಿದುಕೊಂಡರು. ಕೊನೆಗೆ ಸಿಂಥ್ ಕೇಳಿತು. ಹೆಸರು ಹೇಳುವ ಮೊದಲೇ ಕಿರುಚಾಟ. ನ್ಯೂಮನ್ ಭಕ್ತ ಪಕ್ಕದ ಮನೆಯವರು ತಮ್ಮದೇ ತಂಡ ಕಪ್ ಗೆದ್ದ ಹಾಗೆ ಎರಡೂ ಕೈ ಮೇಲೆತ್ತಿದರು.

ರೇಡಿಯೋ ಆಫ್ ಮಾಡಿ ನನ್ನ ಸಿಡಿ ಹಾಕಿದೆ. ಬೂಟ್ಸಿಗೆ ಜನ ನಿಂತಲ್ಲೇ ತೂಗಾಡಿದರು. ಅಡೀನಾ ಬಂದಾಗ ಶುಗಬೇಬ್ಸ್ ಹುಡುಗಿಯರಿಗೆ ತಲೆಬುಡ ಗೊತ್ತಾಗಲಿಲ್ಲ, ಮಾತು ಅದೇ, ದನಿ ಬೇರೆ. ಆದರೂ ಪೂರ್ತಿ ಜೊತೆಗೆ ಹಾಡಿದರು. ನ್ಯೂಮನ್ ಶುರುವಾದಾಗ ಉಲ್ಟಾ. ಈಗ ಪಕ್ಕದ ಮನೆಯವರು ನಡುವೆ, ಉಳಿದವರು ಸುತ್ತ. ಆ ಯಜಮಾನರು ನ್ಯೂಮನ್ ಥರ ಮುಖ ಬಿಗಿದು, ಕಣ್ಣು ಮಿಟುಕಿಸದೆ, ಗೊಂಬೆಯ ಹಾಗೆ ಕುಣಿದರು. ಆಮೇಲೆ ನಾನು ರಾತ್ರಿಯೆಲ್ಲ ಕತ್ತರಿಸಿದ ಜಾಗ ಬಂತು. ಯಾರೂ ಗಮನಿಸಲಿಲ್ಲ! ಅವರು ಗೊಂಬೆ ಕುಣಿತದಲ್ಲೇ ಇದ್ದರು, ಹುಡುಗಿಯರ ದನಿ ಬಂದ ಮೇಲೆ ನನ್ನ ಕಡೆ ತಿರುಗಿ, ಇದು ಯಾವಾಗ ಬದಲಾಯಿತು ಅಂತ ಕೈಯಲ್ಲೇ ಕೇಳಿದರು. ಇದಕ್ಕಿಂತ ಒಳ್ಳೆ ಸರ್ಟಿಫಿಕೇಟು ನನಗೆ ಆಫೀಸಿನಲ್ಲಿ ಯಾವತ್ತೂ ಸಿಕ್ಕಿಲ್ಲ.

ಶುಗಬೇಬ್ಸ್ ಮೇಲೆ ಇದ್ದದ್ದು ಒಂದೇ ವಾರ. ಮುಂದಿನ ಭಾನುವಾರ ಹಾಲಿ ವ್ಯಾಲೆನ್ಸ್ ಅನ್ನುವ ಗಾಯಕಿ ಹಾಡಿದ 'ಕಿಸ್ ಕಿಸ್' ಆ ಜಾಗಕ್ಕೆ ಬಂತು. ಅದೂ ಸ್ವಂತದ್ದಲ್ಲ. ಟರ್ಕಿಯ ತಾರ್ಕನ್ 1997ರಲ್ಲಿ ಹಾಡಿದ ಹಾಡಿಗೆ ಇಂಗ್ಲಿಷ್ ಮಾತು ಹಾಕಿದ್ದು. ಹಾಸನದವನು ಸೋಫಾದಿಂದಲೇ, "ಈಗ ಇದರ ಅಪ್ಪನನ್ನೂ ಕರೀತೀಯೇನೋ?" ಅಂದ. ಶನಿವಾರ ಗ್ರೀನ್ ಲೇನ್ಸ್‌ನ ಟರ್ಕಿ ಅಂಗಡಿಗಳ ಕಡೆ ಹೋಗಿ ತಾರ್ಕನ್ ಕ್ಯಾಸೆಟ್ ಇದೆಯಾ ಅಂತ ಕೇಳಿದೆ. ಗಲ್ಲಾದಲ್ಲಿದ್ದವರು ಯಾವ ವರ್ಷದ್ದು ಬೇಕು ಅಂತ ಕೇಳಿ ಇಡೀ ಡಬ್ಬ ನನ್ನ ಮುಂದೆ ಇಟ್ಟರು.