ಪಿಕಪ್ ನಡುಗುತ್ತಿದೆಯಾ? ಪಾರ್ಟ್ ಬದಲಿಸುವ ಮೊದಲು ಇದನ್ನು ನೋಡಿ

ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ನಿಂತಿಲ್ಲ ಅಂದರೆ ಸುಮ್ನೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗಬೇಡಿ. ಖಾಲಿ ರಸ್ತೆಯಲ್ಲಿ ಓಡಿಸಿ, ಯಾವ ವೇಗದಲ್ಲಿ ನಡುಕ ಶುರುವಾಗುತ್ತದೆ ಅಂತ ಗಮನಿಸಿ. ಅದೇ ವೇಗದಲ್ಲಿ ಗೇರ್ ಬದಲಿಸಿ ನೋಡಿ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಬದಲಾದರೂ ನಡುಕ ಹಾಗೇ ಇದ್ದರೆ ಎಂಜಿನ್ ಮೇಲೆ ಅನುಮಾನ ಬೇಡ. ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ನೋಡಬೇಕು.

ಎರಡರಲ್ಲಿ ಯಾವುದು? ಶಾಫ್ಟ್ ಸಾಮಾನ್ಯವಾಗಿ ಚಕ್ರಕ್ಕಿಂತ 3–4 ಪಟ್ಟು ಜೋರಾಗಿ ತಿರುಗುತ್ತದೆ. ಹಾಗಾಗಿ ಅದರ ನಡುಕ ಸಣ್ಣಗೆ, ಗುಂಯ್ ಅನ್ನುವ ಹಾಗೆ ಸೀಟಿನಲ್ಲಿ, ಕಾಲಡಿಯಲ್ಲಿ ಬರುತ್ತದೆ. ಚಕ್ರದ್ದು ನಿಧಾನದ ಅಲುಗಾಟ. ಮುಂದಿನ ಚಕ್ರದ್ದಾದರೆ ಹೆಚ್ಚಾಗಿ ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ. ಟೈರ್‌ಗಳನ್ನು ಹಿಂದೆ ಮುಂದೆ ಅದಲುಬದಲು ಮಾಡಿ. ನಡುಕವೂ ಜಾಗ ಬದಲಿಸಿತಾ? ಹಾಗಾದರೆ ತೊಂದರೆ ಟೈರ್ ಅಥವಾ ರಿಮ್‌ನಲ್ಲೇ ಇದೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಡ್ರಮ್ ಚೆಕ್ ಮಾಡಿಸಿ.

ಶಾಫ್ಟ್ ಅನ್ನಿಸಿದರೆ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡ್ಡ ಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿ, ಎತ್ತಿ ನೋಡಿ. ಯುನಿವರ್ಸಲ್ ಜಾಯಿಂಟ್‌ನಲ್ಲಿ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು) ಸ್ವಲ್ಪವೂ ಆಟ, ಅಂದರೆ ಸಡಿಲ ಇರಬಾರದು. ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್‌ ಇದ್ದರೆ ಅದರ ರಬ್ಬರ್ ಹರಿದಿದೆಯಾ ಅಂತಲೂ ನೋಡಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಗುರುತು ಹಾಕಿ, ಅದೇ ಗುರುತಿಗೆ ಸರಿಯಾಗಿ ಜೋಡಿಸಿ.